ಈ ಫೋಟೋ 1905ರದ್ದಾ? ಕೈಗಡಿಯಾರ ಒಪ್ಪುತ್ತಿಲ್ಲ

ಪ್ರಶ್ನೆ: ನಮ್ಮ ಅಜ್ಜಿಯ ಟ್ರಂಕಿನಲ್ಲಿ ಒಂದು ಹಳೆಯ ಗುಂಪು ಫೋಟೋ ಸಿಕ್ಕಿತು. ಬೂದು ಬಣ್ಣದ ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಹಿಂದೆ ನೀಲಿ ಬಾಲ್ ಪೆನ್ನಿನಲ್ಲಿ ‘ಮುತ್ತಜ್ಜನ ಮದುವೆ, 1905’ ಎಂದು ಬರೆದಿದೆ. ರಟ್ಟಿನ ಕೆಳಗೆ ಸ್ಟುಡಿಯೋ ಹೆಸರು ಹರಿದುಹೋಗಿದೆ. ‘ಸಿ ಅಂಡ್ ಎಂ ಸ್ಟೇಷನ್, ಬ್ಯಾಂಗಲೋರ್’ ಅನ್ನೋದು ಮಾತ್ರ ಉಳಿದಿದೆ. ನಡುವೆ ಪೇಟ ಕಟ್ಟಿದ ಹಿರಿಯರು, ಅವರ ಹೆಂಡತಿ ಕೂತಿದ್ದಾರೆ. ಅವರು ಮುತ್ತಜ್ಜನ ತಂದೆ-ತಾಯಿ. ಹಿಂದೆ ನಿಂತವರು ಮುತ್ತಜ್ಜ ಮತ್ತು ಅವರ ತಮ್ಮ. ಪಕ್ಕದ ಕುರ್ಚಿಯಲ್ಲಿ ಮುತ್ತಜ್ಜಿ, ತೊಡೆಯ ಮೇಲೆ ಜಡೆ ಹಾಕಿದ ಮಗು. ಆ ಮಗುವೇ ನಮ್ಮಜ್ಜಿ ಅಂತ ಮನೆಯಲ್ಲಿ ಹೇಳುತ್ತಾರೆ. ಮುಂದೆ ನಿಂತಿರುವ ನಾಲ್ಕು ವರ್ಷದ ಹುಡುಗಿ ಯಾರೆಂದು ಯಾರಿಗೂ ಗೊತ್ತಿಲ್ಲ. ಅಜ್ಜಿ ಹುಟ್ಟಿದ್ದು 1924ರಲ್ಲಿ, ಮೊದಲನೇ ಮಗು. ಅವರ ತಮ್ಮ ಎರಡೂವರೆ ವರ್ಷ ಚಿಕ್ಕವರು. ಪೇಟದ ಹಿರಿಯರು ತೀರಿಕೊಂಡದ್ದು ‘ಪ್ರಜೋತ್ಪತ್ತಿ ಸಂ. ಪುಷ್ಯ ಶು. ದಶಮಿ’ ಎಂದು ಶ್ರಾದ್ಧದ ಪುಸ್ತಕದಲ್ಲಿದೆ. ಬಟ್ಟೆ ನೋಡಿ ವರ್ಷ ಹೇಳಬಹುದಾ? ಎಐ ಆ್ಯಪ್‌ನಲ್ಲಿ ಬಣ್ಣ ಹಾಕಿಸಿದರೆ ಸೀರೆಯ ನಿಜವಾದ ಬಣ್ಣ ಗೊತ್ತಾಗುತ್ತಾ?

ಉತ್ತರ: 1905 ಅಲ್ಲ. ನನ್ನ ಲೆಕ್ಕದಲ್ಲಿ ಇದು 1927ರಿಂದ 1929ರ ನಡುವೆ ತೆಗೆದ ಫೋಟೋ. ಮದುವೆಯದ್ದೂ ಅಲ್ಲ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಆ ಬರಹದ ಕಥೆ ಮುಗಿಸೋಣ. ಬಾಲ್ ಪೆನ್ ಮಾರುಕಟ್ಟೆಗೆ ಬಂದದ್ದೇ 1945ರ ಹೊತ್ತಿಗೆ. ನಮ್ಮ ಕಡೆ ಜನರ ಜೇಬಿಗೆ ಬರೋದು ಇನ್ನೂ ತಡವಾಯಿತು. ಬಾಲ್ ಪೆನ್ನಲ್ಲಿ ಬರೆದರೆ ಅಕ್ಷರ ಕೆಡುತ್ತೆ ಅಂತ ಮೇಷ್ಟ್ರು ಬೈಯುತ್ತಿದ್ದ ಕಾಲ ಅನೇಕರಿಗೆ ನೆನಪಿದೆ. ಅಂದರೆ ‘1905’ ಅಂತ ಬರೆದವರು ಆ ದಿನ ಸ್ಟುಡಿಯೋದಲ್ಲಿ ಇದ್ದವರಲ್ಲ. ಯಾರೋ ಮೊಮ್ಮಕ್ಕಳು, ಕೇಳಿದ್ದನ್ನು ಬರೆದಿಟ್ಟಿದ್ದಾರೆ. ಹಾಗಂತ ಅದು ಸುಳ್ಳು ಅಂತಲ್ಲ. ಆದರೆ ಅದು ಸಾಕ್ಷಿಯಲ್ಲ, ಕೇಳಿಕೆ.

ಈಗ ಬಟ್ಟೆ. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಫೋಟೋದಲ್ಲಿ ಎಲ್ಲಕ್ಕಿಂತ ಹಳೆಯದಾಗಿ ಕಾಣುವುದನ್ನು ನೋಡಿ ವರ್ಷ ಕಟ್ಟುತ್ತಾರೆ. ಅಜ್ಜಿ ಕಚ್ಚೆ ಸೀರೆ ಉಟ್ಟಿದ್ದಾರೆ, ಅಜ್ಜ ಪೇಟ ಕಟ್ಟಿದ್ದಾರೆ, ಹಾಗಾದರೆ ನೂರಿಪ್ಪತ್ತು ವರ್ಷ ಹಳೆಯದು ಅಂತ. ನೋಡಬೇಕಾದದ್ದು ಉಲ್ಟಾ. ಫೋಟೋದಲ್ಲಿ ಎಲ್ಲಕ್ಕಿಂತ ಹೊಸದು ಯಾವುದು? ಆ ವಸ್ತು ಬಳಕೆಗೆ ಬರುವ ಮೊದಲು ಆ ಫೋಟೋ ತೆಗೆದಿರೋಕೆ ಸಾಧ್ಯವಿಲ್ಲ. ಹಳೆಯ ವಸ್ತು ಎಷ್ಟು ವರ್ಷ ಬೇಕಾದರೂ ಉಳಿಯುತ್ತೆ, ಅಲ್ವಾ?

ಇಂಟರ್ನೆಟ್ಟಿನಲ್ಲಿ ಸಿಗುವ ಇಂಗ್ಲಿಷ್ ಕೈಪಿಡಿಗಳನ್ನು ನಂಬಿ ಕೂತರೆ ಇದೇ ತೊಂದರೆ. ಅಲ್ಲಿ ಗೌನಿನ ತೋಳು ಉಬ್ಬಿದ್ದರೆ 1890ರ ದಶಕ, ಲಂಗ ಗಿಡ್ಡವಾದರೆ 1920ರ ದಶಕ ಅಂತ ಲೆಕ್ಕ. ನಮ್ಮಲ್ಲಿ ಒಂಬತ್ತು ಗಜದ ಸೀರೆ ಅಂಥ ಲೆಕ್ಕಕ್ಕೆ ಸಿಗೋದಿಲ್ಲ. 1880ರಲ್ಲಿ ಉಟ್ಟ ಹಾಗೇ 1950ರಲ್ಲೂ ಉಟ್ಟವರಿದ್ದರು. ಕೊಡಗಿನ ಮದುವೆ ಫೋಟೋ ತೆಗೆದುಕೊಳ್ಳಿ. ಕುಪ್ಯ ಅನ್ನೋ ಉದ್ದ ಕೋಟು, ಸೊಂಟಕ್ಕೆ ಕಟ್ಟುವ ಚೇಲೆ, ಅದರಲ್ಲಿ ಸಿಗಿಸುವ ಪೀಚೆಕತ್ತಿ ಇವತ್ತಿನ ಮದುಮಗನ ಮೈಮೇಲೂ ಇರುತ್ತವೆ. ಬರೀ ಕುಪ್ಯ ನೋಡಿ ಯಾರೂ ವರ್ಷ ಹೇಳೋಕಾಗಲ್ಲ. ಅಲ್ಲಿ ಮದುಮಗನ ಹಿಂದೆ ನಿಂತ ಗೆಳೆಯನ ಕ್ರಾಪು, ಷರಟಿನ ಕಾಲರು ನೋಡಬೇಕು.

ಹಾಗಾಗಿ ಗುಂಪು ಫೋಟೋ ಬಂದರೆ ನಾನು ಮೊದಲು ನೋಡುವುದು ಹಿರಿಯರನ್ನಲ್ಲ. ಇಪ್ಪತ್ತರ ಆಸುಪಾಸಿನ ಗಂಡಸು ಯಾರಿದ್ದಾರೆ ಅಂತ ಹುಡುಕುತ್ತೇನೆ. ಶೋಕಿ ಮೊದಲು ಕಾಣಿಸೋದು ಅವನ ಮೇಲೆ. ಕೈಯಲ್ಲಿ ನಾಲ್ಕು ಕಾಸು ಇರುತ್ತೆ, ಪೇಟೆಗೆ ಹೋಗಿ ಬಂದಿರುತ್ತಾನೆ. ಹೆಂಗಸರಿಗೆ, ಅದರಲ್ಲೂ ಮನೆಯ ಹಿರಿಯ ಹೆಂಗಸರಿಗೆ, ಫೋಟೋ ಅಂದರೆ ಪೆಟ್ಟಿಗೆಯಲ್ಲಿಟ್ಟ ಧಾರೆ ಸೀರೆ ತೆಗೆದು ಉಡುವ ದಿನ. ಆ ಸೀರೆ ಮೂವತ್ತು ವರ್ಷ ಹಳೆಯದಾಗಿರಬಹುದು. ಒಡವೆ ಇನ್ನೂ ಹಳೆಯದು, ಅತ್ತೆಯಿಂದ ಬಂದದ್ದು. ಅಡ್ಡಿಕೆ, ಕಾಸಿನ ಸರ, ವಂಕಿ, ಡಾಬು ಇವೆಲ್ಲ ಮನೆತನದ ಅಂತಸ್ತು ಹೇಳುತ್ತವೆಯೇ ಹೊರತು ವರ್ಷ ಹೇಳೋದಿಲ್ಲ.

ನಿಮ್ಮ ಫೋಟೋದಲ್ಲಿ ಅಂಥ ಹುಡುಗರು ಇಬ್ಬರಿದ್ದಾರೆ. ನಿಮ್ಮ ಮುತ್ತಜ್ಜನ ಎಡಗೈಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಕೋಟಿನ ತೋಳಿನ ಅಂಚಿನಲ್ಲಿ ಅರ್ಧ ಕಾಣುವಂತೆ ದುಂಡಗಿನ ಕೈಗಡಿಯಾರವಿದೆ, ಚರ್ಮದ ಪಟ್ಟಿ. ಬೇಕಂತಲೇ ತೋಳನ್ನು ಮೇಲೆ ಸರಿಸಿದ್ದಾರೆ. 1905ರಲ್ಲಿ ಗಂಡಸರ ಗಡಿಯಾರ ಅಂದರೆ ಸರಪಳಿ ಕಟ್ಟಿ ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು. ಕೈಗೆ ಕಟ್ಟುವುದು ಹೆಂಗಸರ ಒಡವೆ ಅನ್ನೋ ಭಾವನೆ ಯುರೋಪಿನಲ್ಲೇ ಇತ್ತು. ಅದನ್ನು ಬದಲಾಯಿಸಿದ್ದು ಮೊದಲನೇ ಮಹಾಯುದ್ಧ. ಕಂದಕದಲ್ಲಿ ಕೂತ ಸೈನಿಕನಿಗೆ ಜೇಬಿನಿಂದ ಗಡಿಯಾರ ತೆಗೆದು ನೋಡುವಷ್ಟು ಪುರುಸೊತ್ತು ಇರಲಿಲ್ಲ. ಯುದ್ಧ ಮುಗಿದ ಮೇಲೆ, ಅಂದರೆ 1918ರ ನಂತರ, ಕೈಗಡಿಯಾರ ಗಂಡಸರ ಶೋಕಿಯಾಯಿತು.

ಇನ್ನೊಂದು ಮಾತು. ಆ ಕೋಟು ಮುತ್ತಜ್ಜನದ್ದಲ್ಲ ಅನ್ನಿಸುತ್ತೆ. ಭುಜದ ಹೊಲಿಗೆ ತೋಳಿನ ಮೇಲೆ ಜಾರಿದೆ, ಗುಂಡಿ ಹಾಕಿದ ಕಡೆ ಬಟ್ಟೆ ಮುದುರಿದೆ. ಸ್ಟುಡಿಯೋಗಳು ಕೋಟು, ಟೈ, ಕೈಕೋಲು, ಕೈಯಲ್ಲಿ ಹಿಡಿಯೋಕೆ ಒಂದು ಪುಸ್ತಕ ಎಲ್ಲ ಇಟ್ಟಿರುತ್ತಿದ್ದವು. ಕೆಳಗೆ ಕಚ್ಚೆ ಪಂಚೆ, ಮೇಲೆ ಸ್ಟುಡಿಯೋ ಕೋಟು. ಗಡಿಯಾರವೂ ಸ್ಟುಡಿಯೋದ್ದೇ ಇರಬಹುದಲ್ಲ ಅಂತ ನೀವು ಕೇಳಬಹುದು. ಇರಲಿ ಬಿಡಿ. ಯಾರದ್ದೇ ಆಗಲಿ, ಆ ದಿನ ಅದು ಆ ಕೋಣೆಯಲ್ಲಿ ಇತ್ತು. ನಮಗೆ ಬೇಕಾದದ್ದು ಅಷ್ಟೇ. ಷರಟಿನ ಕಾಲರ್ ಕೂಡ ಮೆತ್ತಗಿನ, ಮಡಚಿದ ಕಾಲರ್. 1905ರ ಸುಮಾರಿಗೆ ಸೂಟು ಹಾಕುತ್ತಿದ್ದವರ ಕಾಲರ್ ಗಂಜಿ ಹಾಕಿ ರಟ್ಟಿನಂತೆ ಎದ್ದು ನಿಂತಿರುತ್ತಿತ್ತು, ಕುತ್ತಿಗೆ ತಿರುಗಿಸೋದೂ ಕಷ್ಟ.

ಗಡಿಯಾರಕ್ಕಿಂತ ಗಟ್ಟಿ ಸಾಕ್ಷಿ ತಮ್ಮನ ತಲೆಯ ಮೇಲಿದೆ. ಬಿಳಿ ದೋಣಿ ಟೋಪಿ. ಗಾಂಧಿ ಟೋಪಿ ದೇಶದ ತುಂಬ ಹರಡಿದ್ದು 1920-21ರ ಅಸಹಕಾರ ಚಳವಳಿಯ ಜೊತೆ. ಕನ್ನಡ ನಾಡಿನಲ್ಲಿ 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆಯಿತು. 1927ರಲ್ಲಿ ಅವರು ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಇದ್ದರು. ಮೈಸೂರು ಸೀಮೆಯ ಹುಡುಗರಿಗೆ ಖಾದಿ ಹುಚ್ಚು ಹತ್ತಿದ್ದು ಈ ವರ್ಷಗಳಲ್ಲೇ. ಅಪ್ಪ ಜರಿ ಪೇಟ, ಕ್ಲೋಸ್ ಕಾಲರ್ ಕೋಟು, ಮೇಲೆ ಶಲ್ಯ. ಕಚೇರಿಗೋ ದರಬಾರಿಗೋ ಹೋಗುವ ಉಡುಪು. ಚಿಕ್ಕ ಮಗ ಗಾಂಧಿ ಟೋಪಿ. ಸ್ಟುಡಿಯೋಗೆ ಹೊರಡುವ ಮೊದಲು ಮನೆಯಲ್ಲಿ ಏನೇನು ಮಾತಾಯಿತೋ! ಅವರು ಯಾವುದಾದರೂ ಚಳವಳಿಯಲ್ಲಿ ಇದ್ದರಾ ಅಂತ ಮನೆಯಲ್ಲಿ ವಿಚಾರಿಸಿ, ಇನ್ನೂ ಏನಾದರೂ ಸಿಗಬಹುದು.

ಇಷ್ಟರಿಂದ ಕೆಳಗಿನ ಗಡಿ ಸಿಕ್ಕಿತು: 1921ಕ್ಕಿಂತ ಹಿಂದೆ ಹೋಗುವಂತಿಲ್ಲ. ಬಟ್ಟೆಯ ಸಾಕ್ಷಿಯನ್ನು ಕಾಗದವೂ ಒಪ್ಪಬೇಕು. ಒಪ್ಪುತ್ತೆ. ಫೋಟೋವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಂಚಿನ ಕಪ್ಪು ಭಾಗಗಳಲ್ಲಿ ನೀಲಿ ಛಾಯೆಯ ಬೆಳ್ಳಿ ಹೊಳಪು ಕಾಣುತ್ತಾ? ನೀವು ಕಳಿಸಿದ ಎರಡನೇ ಚಿತ್ರದಲ್ಲಿ ನನಗೆ ಚೆನ್ನಾಗಿ ಕಾಣುತ್ತಿದೆ. ಅದು ಜಿಲೆಟಿನ್ ಪದರದೊಳಗಿನ ಬೆಳ್ಳಿ ಹಲವು ದಶಕಗಳಲ್ಲಿ ಮೇಲಕ್ಕೆ ಬಂದು ಕೂತದ್ದು. ಹತ್ತೊಂಬತ್ತನೇ ಶತಮಾನದ ಆಲ್ಬುಮೆನ್ ಪ್ರಿಂಟಿನಲ್ಲಿ ಇದು ಕಾಣೋದಿಲ್ಲ. ಮೊಟ್ಟೆಯ ಬಿಳಿಭಾಗ ಸವರಿ ಮಾಡುತ್ತಿದ್ದ ಕಾಗದ ಅದು. ತುಂಬ ತೆಳು, ಸುರುಳಿ ಸುತ್ತಿಕೊಳ್ಳುತ್ತೆ ಅಂತಲೇ ರಟ್ಟಿಗೆ ಅಂಟಿಸುತ್ತಿದ್ದರು. ಕಂದು ಬಣ್ಣ, ಬಿಳಿ ಇರಬೇಕಾದ ಕಡೆ ಹಳದಿ. ಭೂತಗನ್ನಡಿ ಹಿಡಿದರೆ ಕಾಗದದ ನಾರು ಕಾಣುತ್ತೆ. 1890ರ ದಶಕದಿಂದ ಅದರ ಜಾಗಕ್ಕೆ ಜಿಲೆಟಿನ್ ಕಾಗದ ಬಂತು. ರಟ್ಟಿಗೆ ಅಂಟಿಸುವ ರೂಢಿ ಮಾತ್ರ ಆಮೇಲೂ ಎಷ್ಟೋ ಕಾಲ ನಡೆಯಿತು. ಆದ್ದರಿಂದ ‘ರಟ್ಟಿದೆ, ಹಾಗಾದರೆ ಬಹಳ ಹಳೆಯದು’ ಅನ್ನೋದು ಸರಿಯಲ್ಲ.

ಹರಿದ ಸ್ಟುಡಿಯೋ ಹೆಸರು ಹೋದರೂ ವಿಳಾಸ ಉಳಿದದ್ದು ಒಳ್ಳೆಯದಾಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗ ಬೆಂಗಳೂರು ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದೇ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. 1947ರಲ್ಲಿ ಅದನ್ನು ಮೈಸೂರಿಗೆ ವಾಪಸು ಕೊಟ್ಟರು. ಹಾಗಾಗಿ ಈ ವಿಳಾಸ ಇದ್ದರೆ 1947ಕ್ಕೆ ಮುಂಚಿನ ರಟ್ಟು. ಇದೇ ತರಹ ‘ಸೌತ್ ಪೆರೇಡ್’ ಅಂತಿದ್ದರೆ 1948ಕ್ಕೆ ಮುಂಚೆ. ಆ ವರ್ಷ ಅದು ಮಹಾತ್ಮ ಗಾಂಧಿ ರಸ್ತೆಯಾಯಿತು.

ಆದರೆ ಮೇಲಿನ ಗಡಿ 1947 ಅಂದರೆ ತುಂಬ ದೂರ. ಅದನ್ನು ಹತ್ತಿರಕ್ಕೆ ತಂದುಕೊಟ್ಟದ್ದು ನಿಮ್ಮ ಶ್ರಾದ್ಧದ ಪುಸ್ತಕ. ಸಂವತ್ಸರಗಳು ಅರವತ್ತು. ಪ್ರಭವದಿಂದ ಶುರುವಾಗಿ ಕ್ಷಯಕ್ಕೆ ಮುಗಿದು ಮತ್ತೆ ಪ್ರಭವ. 1927ರ ಯುಗಾದಿಗೆ ಪ್ರಭವ ಬಂತು, ಮತ್ತೆ 1987ಕ್ಕೆ. ಪ್ರಜೋತ್ಪತ್ತಿ ಐದನೆಯದು. ಅಂದರೆ 1871, 1931 ಇಲ್ಲವೇ 1991ರ ಯುಗಾದಿಯಿಂದ ಶುರುವಾದ ವರ್ಷ. ನಿಮ್ಮ ವಿಷಯದಲ್ಲಿ 1931 ಬಿಟ್ಟು ಬೇರೆ ಯಾವುದೂ ಹೊಂದೋದಿಲ್ಲ. ಇಲ್ಲಿ ಒಂದು ಸಣ್ಣ ಎಡವಟ್ಟು ಎಲ್ಲರೂ ಮಾಡುತ್ತಾರೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಹಾಗಾಗಿ ಕೊನೆಯ ತಿಂಗಳುಗಳು ಮುಂದಿನ ಇಂಗ್ಲಿಷ್ ವರ್ಷಕ್ಕೆ ಬೀಳುತ್ತವೆ. ಪ್ರಜೋತ್ಪತ್ತಿಯ ಪುಷ್ಯ ಶುದ್ಧ ದಶಮಿ ಬಿದ್ದದ್ದು 1932ರ ಜನವರಿಯಲ್ಲಿ. ಪೇಟದ ಹಿರಿಯರು ಜೀವಂತ ಕೂತಿದ್ದಾರೆ, ಪಕ್ಕದಲ್ಲಿ ಹೆಂಡತಿಯ ಹಣೆಯಲ್ಲಿ ಕುಂಕುಮ ಇದೆ. ಅಲ್ಲಿಗೆ ಫೋಟೋ 1921 ಮತ್ತು 1932ರ ಆರಂಭದ ನಡುವೆ ಬಂತು.

ಆ ಕುಂಕುಮದ ಬಗ್ಗೆ, ನಿಮ್ಮ ಬಣ್ಣದ ಪ್ರಶ್ನೆಯ ಬಗ್ಗೆ ಒಟ್ಟಿಗೇ ಹೇಳುತ್ತೇನೆ. ಅದನ್ನು ನೋಡಿ, ಮಸಿ ಚುಕ್ಕೆ ಇಟ್ಟ ಹಾಗೆ ಕಪ್ಪಗಿದೆ. ಆಗಿನ ಗಾಜಿನ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ, ನೀಲಿ ಮಾತ್ರ ತುಂಬ ಜಾಸ್ತಿ ಕಾಣುತ್ತಿತ್ತು. ಕೆಂಪು ವಸ್ತು ಕಪ್ಪಾಗಿ, ತಿಳಿ ನೀಲಿ ವಸ್ತು ಬಿಳಿಯಾಗಿ ಮೂಡುತ್ತಿತ್ತು. ಕೆಂಪನ್ನೂ ಹಿಡಿಯುವ ಪ್ಯಾಂಕ್ರೋಮ್ಯಾಟಿಕ್ ಫಿಲ್ಮ್ ಸ್ಟುಡಿಯೋಗಳಲ್ಲಿ ಸಾಮಾನ್ಯವಾದದ್ದು ಆಮೇಲೆ. ಅದರಲ್ಲಿ ತೆಗೆದರೆ ಕುಂಕುಮ ಬೂದು ಬಣ್ಣಕ್ಕೆ ತಿರುಗುತ್ತೆ. ಹಳೆಯ ಫೋಟೋದಲ್ಲಿ ‘ಕಪ್ಪು ಸೀರೆ’ ಕಂಡರೆ ಅದು ಮುಕ್ಕಾಲು ಪಾಲು ಕೆಂಪೋ ಮರೂನೋ ಕಡು ಹಸಿರೋ ಇರುತ್ತೆ. ಶುಭಕ್ಕೆ ಕಪ್ಪು ಉಡುವವರು ಕಡಿಮೆ. ಧಾರವಾಡದ ಕಡೆಯ ಚಂದ್ರಕಾಳಿ ಸೀರೆ ಒಂದು ವಿನಾಯಿತಿ. ಮಡಿ ಹೆಂಗಸರ ಕೆಂಪು ಸೀರೆಯೂ ಫೋಟೋದಲ್ಲಿ ಕಪ್ಪೇ.

ಹಾಗಾದರೆ ಎಐ ಆ್ಯಪ್ ಏನು ಮಾಡುತ್ತೆ? ಊಹೆ ಮಾಡುತ್ತೆ, ಅಷ್ಟೇ. ಕೆಂಪೂ ಕಪ್ಪೂ ಪ್ಲೇಟಿನ ಮೇಲೆ ಒಂದೇ ಆಗಿ ಬಿದ್ದ ಮೇಲೆ ಅವೆರಡರ ವ್ಯತ್ಯಾಸ ಆ ಫೋಟೋದಲ್ಲಿ ಉಳಿದಿಲ್ಲ. ಇಲ್ಲದ್ದನ್ನು ಯಾವ ಆ್ಯಪೂ ಹುಡುಕಿ ತರೋಕಾಗಲ್ಲ. ಮುಖದ ಬಣ್ಣವೂ ಅಷ್ಟೇ. ನಮ್ಮ ಕಂದು ಮೈಬಣ್ಣ ಆ ಪ್ಲೇಟುಗಳಲ್ಲಿ ಇನ್ನೂ ಕಪ್ಪಗೆ ಬರುತ್ತಿತ್ತು. ಗಿರಾಕಿ ಬೇಜಾರಾಗಬಾರದು ಅಂತ ಸ್ಟುಡಿಯೋದವರು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದಿ ಬೆಳ್ಳಗೆ ಮಾಡುತ್ತಿದ್ದರು. ನಿಮ್ಮ ಮುತ್ತಜ್ಜಿಯ ಕೆನ್ನೆಯಲ್ಲಿ ಒಂದೂ ಗೆರೆ, ಕಲೆ ಇಲ್ಲ, ಕೈಗಳು ಮಾತ್ರ ಕಪ್ಪಗಿವೆ. ತಿದ್ದಿದ ಗುರುತು. ಖುಷಿಗೆ ಬಣ್ಣ ಹಾಕಿಸಿ, ಬೇಡ ಅನ್ನೋದಿಲ್ಲ. ಆದರೆ ‘ಮುತ್ತಜ್ಜಿ ಹಸಿರು ಸೀರೆ ಉಟ್ಟಿದ್ದರು’ ಅಂತ ಮಾತ್ರ ಬರೆದಿಡಬೇಡಿ. ಆ ಸೀರೆಯ ಒಂದು ತುಂಡು ಇನ್ನೂ ಟ್ರಂಕಿನಲ್ಲಿ ಇದೆಯಾ ಅಂತ ನೋಡಿ. ಅಂಚಿನ ಕಟ್ಟು ಫೋಟೋದ ಜೊತೆ ಹೋಲಿಸಬಹುದು.

ಈಗ ಮಕ್ಕಳು. ಮನೆಯ ಫೋಟೋದಲ್ಲಿ ವರ್ಷ ಹೇಳುವುದಕ್ಕೆ ಮಕ್ಕಳಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ದೊಡ್ಡವರು ಮೂವತ್ತಕ್ಕೂ ನಲವತ್ತಕ್ಕೂ ಒಂದೇ ತರಹ ಕಾಣಬಹುದು. ಮಕ್ಕಳಲ್ಲಿ ಆರು ತಿಂಗಳ ವ್ಯತ್ಯಾಸವೂ ಕಾಣುತ್ತೆ. ತೊಡೆಯ ಮೇಲಿನ ಮಗು ಒಂದು, ಒಂದೂವರೆ ವರ್ಷದ್ದು. ಅದೇ ಅಜ್ಜಿಯಾದರೆ ಫೋಟೋ 1925ರದ್ದು. ಆದರೆ ಆಗ ಮುಂದೆ ನಿಂತ ಹುಡುಗಿ ಯಾರು ಅನ್ನೋ ಪ್ರಶ್ನೆ ಉಳಿಯುತ್ತೆ. ಅವಳು ನಿಂತ ಬಗೆ ನೋಡಿ. ಬಲಗೈ ಮುತ್ತಜ್ಜಿಯ ಮೊಣಕಾಲ ಮೇಲೆ ಊರಿದೆ. ಮುತ್ತಜ್ಜಿಯ ಒಂದು ಕೈ ಅವಳ ಬೆನ್ನ ಹಿಂದೆ ಹೋಗಿದೆ. ನೆಂಟರ ಮಗಳನ್ನು ಫೋಟೋಗ್ರಾಫರ್ ಅಲ್ಲಿ ನಿಲ್ಲಿಸೋದು ಕಡಿಮೆ.

ತೊಡೆಯ ಮೇಲಿನದು ಹೆಣ್ಣು ಮಗು ಅಂತ ಎಲ್ಲರೂ ಅಂದುಕೊಂಡದ್ದು ಜಡೆ ನೋಡಿ. ಚೌಲಕ್ಕೆ ಮುಂಚೆ ಗಂಡು ಮಕ್ಕಳಿಗೂ ಜಡೆ ಹಾಕಿ, ಹೂ ಮುಡಿಸಿ, ಲಂಗ ತೊಡಿಸಿ ಫೋಟೋ ತೆಗೆಸುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿತ್ತು. ಈಗಲೂ ಇದೆ. ಕೂದಲು ತೆಗೆಸುವ ಮೊದಲು ಒಂದು ಸಲ ಸಿಂಗಾರ ಮಾಡಿ ನೋಡುವ ಆಸೆ. ಹಾಗಾಗಿ ಆ ಮಗು ಅಜ್ಜಿಯ ತಮ್ಮ, ನಿಂತವಳು ಅಜ್ಜಿ ಅಂತ ಇಟ್ಟುಕೊಳ್ಳಿ. ಅಜ್ಜಿಗೆ ನಾಲ್ಕಾದರೆ 1928. ತಮ್ಮನಿಗೆ ಆಗ ಒಂದೂವರೆ. ಎಲ್ಲ ತಾನಾಗಿ ಕೂತುಕೊಳ್ಳುತ್ತೆ. ಖಾತ್ರಿ ಮಾಡಿಕೊಳ್ಳೋಕೆ ಅಜ್ಜಿಯ ನಂತರದ ಫೋಟೋ ತೆಗೆದು ಕಿವಿ ಹೋಲಿಸಿ. ಮೂಗು, ಕೆನ್ನೆ ಬದಲಾಗುತ್ತವೆ. ಕಿವಿಯ ಮಡಿಕೆ, ಹಾಲೆ ಅಂಟಿಕೊಂಡಿದೆಯಾ ಬಿಟ್ಟಿದೆಯಾ ಅನ್ನೋದು ಅಷ್ಟು ಬದಲಾಗಲ್ಲ. ಓಲೆಯ ಭಾರಕ್ಕೆ ಹಾಲೆ ಜೋತಿರುತ್ತೆ, ಅದಕ್ಕೆ ಮೇಲಿನ ಭಾಗ ನೋಡಿ.

ಇನ್ನು ‘1905’ ಎಲ್ಲಿಂದ ಬಂತು? ಇದು ನನ್ನ ಊಹೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಮುತ್ತಜ್ಜನಿಗೆ ಈ ಫೋಟೋದಲ್ಲಿ ಇಪ್ಪತ್ಮೂರು, ಇಪ್ಪತ್ನಾಲ್ಕಕ್ಕಿಂತ ಜಾಸ್ತಿ ಇರಲಾರದು. 1928ರಲ್ಲಿ ಇಪ್ಪತ್ಮೂರು ಅಂದರೆ ಹುಟ್ಟಿದ್ದು 1905ರಲ್ಲಿ! ವರ್ಷ ಸರಿಯಾಗೇ ನೆನಪಿದೆ, ಯಾವುದರ ವರ್ಷ ಅನ್ನೋದು ಅದಲು ಬದಲಾಗಿದೆ. ಮನೆ ಮಾತಿನಲ್ಲಿ ಇದು ತುಂಬ ನಡೆಯುತ್ತೆ. ಅವರ ಜಾತಕ ಸಿಕ್ಕರೆ ಇದು ಒಂದು ನಿಮಿಷದಲ್ಲಿ ಬಗೆಹರಿಯುತ್ತೆ. 1905ರ ಯುಗಾದಿಯಿಂದ ವಿಶ್ವಾವಸು ಸಂವತ್ಸರ. ಅದಕ್ಕೆ ಮುಂಚಿನ ತಿಂಗಳುಗಳಾದರೆ ಕ್ರೋಧಿ.

ನಿಮ್ಮ ಟ್ರಂಕಿನಲ್ಲಿ ಇನ್ನೂ ಫೋಟೋಗಳಿದ್ದರೆ, ಈಚಿನವು ಸುಲಭ. ಹಿಂದಿನ ಮುದ್ರೆಯಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರಿಗೆ ಮುಂಚೆ. ಬೆಲೆ ಆಣೆಯಲ್ಲಿ ಬರೆದಿದ್ದರೆ ಬಹುಪಾಲು 1957ಕ್ಕೆ ಮುಂಚೆ. ಹಿನ್ನೆಲೆಯಲ್ಲಿ ಕಾರೋ ಸ್ಕೂಟರೋ ಇದ್ದರೆ ನಂಬರ್ ಪ್ಲೇಟ್ ನೋಡಿ. ಎಂವೈ ಅಂದರೆ ಮೈಸೂರು ಕಾಲದ ನೋಂದಣಿ, ಆಮೇಲೆ ಸಿಎ, 1989ರ ಹೊಸ ಪದ್ಧತಿಯಿಂದ ಕೆಎ. ಗಾಡಿ ಹಳೆಯದಿರಬಹುದು ಅನ್ನೋದು ನೆನಪಿರಲಿ, ಮತ್ತೆ ಅದೇ ಹೊಸದು-ಹಳೆಯದರ ಲೆಕ್ಕ. ಗೋಡೆಯ ಮೇಲೆ ಮಹಾರಾಜರ ಪಟ ಇದ್ದರೆ ನಾಲ್ವಡಿಯವರೋ ಜಯಚಾಮರಾಜರೋ ನೋಡಿ. ನಾಲ್ವಡಿಯವರು ತೀರಿಕೊಂಡದ್ದು 1940ರ ಆಗಸ್ಟಿನಲ್ಲಿ. ಪದವಿಯ ಗೌನು ತೊಟ್ಟವರಿದ್ದರೆ, ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅದಕ್ಕೆ ಮುಂಚೆ ಇಲ್ಲಿನವರಿಗೆ ಪದವಿ ಸಿಗುತ್ತಿದ್ದದ್ದು ಮದ್ರಾಸಿನದ್ದು. ದೊಡ್ಡ ಕಾಲರ್, ಬೆಲ್‌ಬಾಟಮ್, ಕೆನ್ನೆಗೆ ಇಳಿದ ಕೂದಲು ಬಂತೆಂದರೆ ಎಪ್ಪತ್ತರ ದಶಕ, ಅದಕ್ಕೆ ತಜ್ಞರು ಬೇಡ.

ಎರಡು ಮೋಸಗಳ ಬಗ್ಗೆ ಎಚ್ಚರ ಇರಲಿ. ಒಂದು, ಫೋಟೋದ ಫೋಟೋ. ಆಸ್ತಿ ಪಾಲಾದಾಗ ಅಣ್ಣತಮ್ಮಂದಿರು ಒಂದೇ ಫೋಟೋವನ್ನು ಮತ್ತೆ ಕಾಪಿ ಮಾಡಿಸಿ ಹಂಚಿಕೊಳ್ಳುತ್ತಿದ್ದರು. ಆಗ ಕಾಗದ ಹೊಸದು, ಚಿತ್ರ ಹಳೆಯದು. ಚಿತ್ರದೊಳಗೇ ಹಳೆಯ ರಟ್ಟಿನ ಅಂಚು, ಗೀರು, ಹುಳ ತಿಂದ ತೂತು ಅಚ್ಚಾಗಿರುತ್ತೆ. ಬೆರಳು ಮುಟ್ಟಿದರೆ ಮಾತ್ರ ನುಣ್ಣಗೆ. ಇನ್ನೊಂದು, ತಿರುಗಿಸಿ ಅಚ್ಚು ಹಾಕಿದ್ದು. ಗಂಡಸರ ಕೋಟಿನ ಗುಂಡಿ ಉಲ್ಟಾ ಕಡೆ ಇದ್ದು, ಎಲ್ಲ ಹೆಂಗಸರ ಸೆರಗೂ ಬಲಭುಜದ ಮೇಲೆ ಕಂಡರೆ ನೆಗೆಟಿವ್ ತಿರುವುಮುರುವಾಗಿದೆ. ಸೆರಗು ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಕೊಡಗಿನವರಾಗಿದ್ದರೆ ಸೆರಗು ಬಲಭುಜಕ್ಕೆ ಬರೋದೇ ಸರಿ.

ಕೊನೆಗೆ ಒಂದು ಕೆಲಸ. ರಟ್ಟಿನಿಂದ ಫೋಟೋ ಬಿಡಿಸೋಕೆ ಹೋಗಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಅಂಚು ಕತ್ತರಿಸದೆ ಇಡೀ ರಟ್ಟನ್ನು ಹಿಂದೆ ಮುಂದೆ ಎರಡೂ ಕಡೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಹರಿದ ಮೂಲೆಯ ಹತ್ತಿರ ಮೊಬೈಲ್ ಟಾರ್ಚನ್ನು ಪಕ್ಕದಿಂದ ಮಲಗಿಸಿ ಹಿಡಿದು ಇನ್ನೊಂದು ಚಿತ್ರ ತೆಗೆಯಿರಿ. ಸ್ಟುಡಿಯೋ ಹೆಸರು ಶಾಯಿಯಲ್ಲಿ ಅಲ್ಲದೆ ಒತ್ತಿದ ಅಚ್ಚಿನಲ್ಲಿದ್ದರೆ ಒಂದೆರಡು ಅಕ್ಷರದ ನೆರಳು ಸಿಗಬಹುದು, ಅದನ್ನು ನನಗೆ ಕಳಿಸಿ. ಬಾಲ್ ಪೆನ್ನಿನ ಬರಹ ಅಳಿಸಬೇಡಿ. ಅದರ ಕೆಳಗೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ, ಒತ್ತದೆ, ‘ಸುಮಾರು 1927-29, ಗಡಿಯಾರ, ಟೋಪಿ, ಮಕ್ಕಳ ವಯಸ್ಸಿನಿಂದ’ ಅಂತ ಬರೆದು ಇವತ್ತಿನ ತಾರೀಖು ಹಾಕಿ.